ಯಾರದೋ ಕೈ

ಬದ್ರುನ್ನೀಸಾ ಅದನ್ನು ದೂರಿನ ಹಾಗೆ ಹೇಳಿದ್ದರು, ಗುಟ್ಟಿನ ಹಾಗಲ್ಲ. ಶನಿವಾರ ಸಂಜೆ ಅನಂತರಾಜು ರಾಮನಗರದ ಅವರ ಮನೆಯ ಹಿಂದಿನ ಶೆಡ್ಡಿಗೆ ಹೋಗಿ, ತನ್ನ ಡ್ರಮ್ಮಿನ ಸಡಿಲಾಗಿದ್ದ ಪೆಡಲನ್ನು ಬಿಗಿ ಮಾಡಿ ಹೊರಟಾಗ, ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಆಕೆ ತಲೆಯೆತ್ತದೆ, “ನೀನು ಬರದೇ ಇದ್ದ ದಿನಾನೂ ನಿಂದು ಡೋಲು ಬಿಡ್ಲಿಲ್ಲ ಬೇಟಾ ಇವ್ರು. ಮಧ್ಯಾನ ಪೂರಾ ಬಡ್ದಿದ್ದೇ ಬಡ್ದಿದ್ದು. ನಂದು ತಲೆ ಹಾಳಾಗೋಯ್ತು” ಎಂದಿದ್ದರು. ಅವನು ನಕ್ಕು, ಏನೋ ಸಮಾಧಾನ ಹೇಳಿ ಬೈಕು ಹತ್ತಿದ್ದ. ಅದ್ನಾನ್ ಆಕೆಯ ಮಗ. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸ ನಿಂತುಹೋದ ಆ ಶೆಡ್ಡಿನಲ್ಲಿ ಒಂದೂವರೆ ವರ್ಷದಿಂದ ಅವರ ಬ್ಯಾಂಡು ಸೇರುತ್ತಿತ್ತು. ನಾಲ್ಕು ಜನರ ಬ್ಯಾಂಡು, ಹೆಸರು ಹೆಬ್ಬಂಡೆ. ಅದ್ನಾನ್ ಬೇಸ್ ಗಿಟಾರು ನುಡಿಸುತ್ತಿದ್ದ, ಕಂಪ್ಯೂಟರಿನ ಮುಂದೆ ಕೂತು ರೆಕಾರ್ಡಿಂಗ್ ಮಾಡುತ್ತಿದ್ದವನೂ ಅವನೇ. ಚನ್ನಪಟ್ಟಣದ ಮನೋಹರ್ ಗಿಟಾರು ಹಿಡಿದು ಹಾಡುತ್ತಿದ್ದ. ಕೀಬೋರ್ಡು ಅನಂತರಾಜುವಿನ ಹೆಂಡತಿ ಸೌಮ್ಯಳದು. ಡ್ರಮ್ಮು ಅವನದು. ಅವನದು ಎಂದರೆ ಅವನದೇ. ಬೇರೆ ಯಾರಾದರೂ ಅದರ ಮೇಲೆ ಟೀ ಲೋಟ ಇಟ್ಟರೂ ಅವನ ಮುಖ ಗಂಟಾಗುತ್ತಿತ್ತು. ಬೈಕು ಊರು ದಾಟುವವರೆಗೂ ಬದ್ರುನ್ನೀಸಾ ಹೇಳಿದ್ದು ಅವನೊಳಗೆ ಸುಮ್ಮನೆ ಬಿದ್ದಿತ್ತು. ಚನ್ನಪಟ್ಟಣ ಬಿಟ್ಟು ಸಾತನೂರಿನ ರಸ್ತೆಗೆ ತಿರುಗಿಕೊಂಡ ಮೇಲೆ ಅದು ನಿಧಾನವಾಗಿ ಎದ್ದು ಕೂತಿತು. ಬರದೇ ಇದ್ದ ದಿನ. ಅಂಥ ದಿನ ಇದ್ದದ್ದು ಒಂದೇ ಒಂದು, ಮೇ ತಿಂಗಳ ಆ ಬುಧವಾರ. ಪಶು ಆಸ್ಪತ್ರೆಯ ನೌಕರನಾದ ಅವನು ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುತ್ತ ಹಳ್ಳಿ ಹಳ್ಳಿ ಸುತ್ತುತ್ತಿದ್ದ ದಿನ ಅದು.

ಭಾನುವಾರ ಬೆಳಿಗ್ಗೆ ಎದ್ದಾಗ ಅವನು ಆಗಲೇ ಲೆಕ್ಕ ಹಾಕಿಬಿಟ್ಟಿದ್ದ. ಒಂದಿಡೀ ಮಧ್ಯಾಹ್ನ ಯಾರೂ ತಮಾಷೆಗೆ ಡ್ರಮ್ಮು ಬಡಿಯುವುದಿಲ್ಲ. ಬಡಿದದ್ದು ರೆಕಾರ್ಡ್ ಆಗಿರಬೇಕು. ಆಗಿದ್ದರೆ ಆರು ಹಾಡುಗಳಲ್ಲಿ ಯಾವುದೋ ಒಂದರಲ್ಲಿ ಅವನ ಕೈ ಇಲ್ಲ, ಯಾರದೋ ಕೈ ಇದೆ. ಅದನ್ನು ಅವರು ಅವನ ಹೆಸರಿನಲ್ಲೇ ಉಳಿಸಿಕೊಂಡಿದ್ದಾರೆ. ಅವನು ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಕಿವಿಗೆ ವೈರು ಸಿಕ್ಕಿಸಿಕೊಂಡ. ಮುಗಿಸಿದ ಹಾಡುಗಳನ್ನು ಅದ್ನಾನ್ ಕಳಿಸಿ ವಾರ ಕಳೆದಿತ್ತು. ಇವತ್ತು ಎಲ್ಲರೂ ಸೇರಿ ಕೊನೆಯ ಸಲ ಕೇಳಿ ಒಪ್ಪಿಗೆ ಕೊಟ್ಟರೆ ನಾಳೆ ಜನರಿಗೆ ಬಿಡುವುದೆಂದು ಮಾತಾಗಿತ್ತು. ಮೊದಲ ಹಾಡು ಅವನದೇ, ಅನುಮಾನವಿಲ್ಲ. ಎರಡನೆಯದೂ ಅವನದೇ ಅನ್ನಿಸಿತು. ಆದರೆ ನಡುವೆ ಒಂದು ಕಡೆ ಕಂಚಿನ ತಟ್ಟೆ ಸಿಂಬಲ್ಲಿನ ಏಟು ಒಂದು ಕೂದಲಷ್ಟು ಮುಂಚೆ ಬಿತ್ತೇ? ಮತ್ತೆ ಕೇಳಿದ. ಎರಡನೆಯ ಸಲ ಸರಿಯಾಗಿತ್ತು, ಮೂರನೆಯ ಸಲ ಸರಿಯಿರಲಿಲ್ಲ. ‘ಗೂಡು’ ಎಂಬ ಹಾಡಿನಲ್ಲಿ ಬೇಸ್ ಡ್ರಮ್ಮಿನ ಹೊಡೆತ ಗೋಡೆಗೆ ಯಾರೋ ಮೊಣಕಾಲು ಗುದ್ದಿದಂತೆ ಕೇಳಿತು. ತನ್ನ ಕಾಲು ಹೀಗೆ ಗುದ್ದುತ್ತದೆಯೆ ಎಂದು ತನ್ನ ಬಲಗಾಲನ್ನೇ ನೋಡಿಕೊಂಡ. ಹದಿನೆಂಟು ವರ್ಷದಿಂದ ಬಾರಿಸುತ್ತಿರುವವನು ಅವನು. ಕನಕಪುರದ ಮದುವೆ ಆರ್ಕೆಸ್ಟ್ರಾಗಳಲ್ಲಿ ಕಲಿತು, ಛತ್ರಗಳ ಮೂಲೆಯಲ್ಲಿ ಜನ ಊಟಕ್ಕೆ ಎದ್ದುಹೋದ ಮೇಲೂ ಖಾಲಿ ಕುರ್ಚಿಗಳಿಗೆ ಬಾರಿಸಿ ಬಂದವನು. ಆರು ಹಾಡುಗಳಲ್ಲಿ ತನ್ನದಲ್ಲದ ಒಂದನ್ನು ಹೆಕ್ಕಿ ತೆಗೆಯಲು ಅವನಿಂದ ಆಗುತ್ತಿರಲಿಲ್ಲ. ಮೋಸಕ್ಕಿಂತ ಮೊದಲು ಅವನನ್ನು ಹೆದರಿಸಿದ್ದು ಇದು.

‘ದುರ್ಗ’ವನ್ನು ಮಾತ್ರ ಅವನು ಹುಡುಕುವುದಕ್ಕಾಗಿ ಕೇಳಲಿಲ್ಲ. ದಣಿದಾಗ ನೀರು ಕುಡಿಯುವ ಹಾಗೆ ಅದನ್ನು ಹಾಕಿಕೊಂಡ. ಹಿಂದೆ ಕೈದಿಗಳನ್ನು ಇಡುತ್ತಿದ್ದರಂತೆ ಕಬ್ಬಾಳು ದುರ್ಗದ ಮೇಲೆ. ಅಲ್ಲಿಂದ ಕೆಳಗಿನ ಊರಿನ ಹೊಗೆ ನೋಡುವ ಒಬ್ಬ ಮನುಷ್ಯನ ಹಾಡು ಅದು. ಮನೋಹರ್ ಬರೆದದ್ದು. ಅದರಲ್ಲಿ ಡ್ರಮ್ಮು ಹಾಡಿಗಿಂತ ಒಂದು ಉಸಿರು ಹಿಂದೆ ಬರುತ್ತಿತ್ತು, ಬಂಡೆ ಹತ್ತುವವನು ಮುಂದಿನ ಹೆಜ್ಜೆಗೆ ಮೊದಲು ಕಾಲಿಗೆ ಜಾಗ ಹುಡುಕುವ ಹಾಗೆ. ಅದನ್ನು ಮೊದಲ ಸಲ ಕೇಳಿದ ದಿನವೇ ಅವನು ತಡೆಯಲಾರದೆ ಡೈರಿಯವರ ಗ್ರೂಪಿಗೆ, ತನ್ನ ಕೆಲಸದ ಹಳ್ಳಿಗಳ ಗ್ರೂಪುಗಳಿಗೆ ಕಳಿಸಿಬಿಟ್ಟಿದ್ದ. ನನ್ನ ಕೈ ಮಾಗಿದೆ ಎಂದು ಸೌಮ್ಯಳ ಹತ್ತಿರ ಹೇಳಿಕೊಂಡಿದ್ದ. ಅವಳು ಚಪಾತಿ ಲಟ್ಟಿಸುತ್ತ, ಹೌದು, ಚೆನ್ನಾಗಿದೆ ಎಂದಿದ್ದಳು. ಚಪಾತಿಯ ಮೇಲಿನ ಕಣ್ಣು ಎತ್ತಿರಲಿಲ್ಲ.

ಯಾಕೆ ಎತ್ತಲಿಲ್ಲ ಎಂಬುದು ಇವತ್ತು ಪ್ರಶ್ನೆಯಾಯಿತು. ಆ ಬುಧವಾರ ಸೌಮ್ಯ ಎಲ್ಲಿದ್ದಳು? ಅವಳು ಸಾತನೂರಿನ ಶಾಲೆಯಲ್ಲಿ ಟೀಚರು, ಬೇಸಿಗೆ ರಜೆಯಿತ್ತು. ಕಲ್ಯಕ್ಕೆ ಹೋಗಿ ಅಮ್ಮನನ್ನು ನೋಡಿಕೊಂಡು ಬರುತ್ತೇನೆಂದು ಬೆಳಿಗ್ಗೆಯ ಬಸ್ಸಿಗೆ ಹೊರಟಿದ್ದಳು. ಸಂಜೆ ಬಂದಾಗ ಅವಳ ಮುಖ ಮಾಗಡಿ ಬಸ್ಸಿನ ಧೂಳಿನಿಂದಲ್ಲ, ಬೇರೆ ಯಾವುದರಿಂದಲೋ ಕೆಂಪಾಗಿತ್ತು ಎಂದು ಈಗ ಅನ್ನಿಸಿತು. ತವರಿನಿಂದ ಬಂದರೆ ಒಂದು ಚೀಲ ಅವರೆಕಾಳನ್ನೋ ಮಾವಿನಕಾಯನ್ನೋ ಹೊತ್ತು ತರುತ್ತಿದ್ದವಳು ಅವತ್ತು ಬರಿಗೈಯಲ್ಲಿ ಬಂದಿದ್ದಳು. ಅವತ್ತು ಗಮನಕ್ಕೆ ಬಾರದಿದ್ದ ಬರಿಗೈ ಈಗ ಕಣ್ಣ ಮುಂದೆ ಬಂದು ನಿಂತಿತು. ಒಳಗೆ ಅವಳು ಸ್ನಾನಕ್ಕೆ ಹೋದ ಸದ್ದಾಯಿತು. ಅವನು ಬೇಲಿಯ ಕಡೆಗೆ ನಡೆದು, ಅತ್ತೆ ಚಿಕ್ಕಲಕ್ಷ್ಮಮ್ಮನಿಗೆ ಫೋನು ಮಾಡಿದ. ಸೀಮೆಹಸುವಿನ ಕೆಚ್ಚಲು ಬಾವು ಹೇಗಿದೆ ಎಂದು ವಿಚಾರಿಸಿದ. ಮಳೆ, ಬೆಳೆ ವಿಚಾರಿಸಿದ. ಆಮೇಲೆ, ರಜೆಯಲ್ಲಿ ಸೌಮ್ಯ ಬಂದಾಗ ಕೊಟ್ಟ ಔಷಧಿ ಮುಗಿಯಿತೇ ಎಂದು ಕೇಳಿದ. ಅಂಥ ಔಷಧಿ ಯಾವುದನ್ನೂ ಅವನು ಕಳಿಸಿರಲಿಲ್ಲ.

“ರಜದಲ್ಲಾ? ಯುಗಾದಿ ಆದ್ಮೇಲೆ ಅವ್ಳು ಬಂದೇ ಇಲ್ವಲ್ಲಪ್ಪ,” ಎಂದರು ಚಿಕ್ಕಲಕ್ಷ್ಮಮ್ಮ. ಆಮೇಲೆ ದನಿ ತಗ್ಗಿಸಿ, “ಯಾಕಪ್ಪ, ಏನಾರ ಆಯ್ತಾ ನಿಮ್ಮಿಬ್ರಿಗೂ?”

ಇಲ್ಲ ಇಲ್ಲ, ಬೇರೆ ಮನೆಯ ಹಸುವಿನ ಜೊತೆ ಕಲಸಿಕೊಂಡೆ ಎಂದು ನಕ್ಕು ಫೋನಿಟ್ಟ. ಮುಖ ಸುಡುತ್ತಿತ್ತು. ಮಗಳ ಬಗ್ಗೆ ಒಂದು ಹುಳವನ್ನು ಆ ಮುದುಕಿಯ ತಲೆಗೆ ಬಿಟ್ಟಂತಾಯಿತು. ಆಕೆ ಈ ದಿನವೆಲ್ಲ ಅದನ್ನು ಹೊತ್ತುಕೊಂಡು ಓಡಾಡುತ್ತಾಳೆ. ಆದರೆ ನಾಚಿಕೆಯ ಅಡಿಯಲ್ಲಿ ಒಂದು ಗೆಲುವೂ ಇತ್ತು, ಹಲ್ಲಿನ ಸಂದಿಯ ಚೂರು ಕೊನೆಗೂ ನಾಲಗೆಗೆ ಸಿಕ್ಕಂತೆ. ಸೌಮ್ಯ ಸುಳ್ಳು ಹೇಳಿದ್ದಳು. ಅವಳು ಶೆಡ್ಡಿನಲ್ಲಿದ್ದಳು. ಮತ್ತೆ ಡ್ರಮ್ಮು ಬಾರಿಸಿದವನು ಯಾರು ಎಂದರೆ ಮನೋಹರನೇ ಇರಬೇಕು. ಎಲ್ಲಿ ಕೂತರೂ ಮೇಜಿನ ಮೇಲೆ ಬೆರಳು ಕುಟ್ಟುವವನು ಅವನು. ಸೌಮ್ಯ ಹಾಡಿನ ಸಾಲೊಂದನ್ನು ತಿದ್ದಿದರೆ ಒಪ್ಪಿಕೊಳ್ಳುವವನು, ಅನಂತರಾಜು ತಿದ್ದಿದರೆ ನೋಡೋಣ ಎನ್ನುವವನು. ಒಮ್ಮೆ ಅವಳ ಚಪ್ಪಲಿಯ ಉಂಗುಷ್ಠ ಕಿತ್ತುಹೋದಾಗ ಗಿಟಾರಿನ ತಂತಿಯಲ್ಲಿ ಅದನ್ನು ಕಟ್ಟಿಕೊಟ್ಟಿದ್ದ. ಆವತ್ತು ಎಲ್ಲರೂ ನಕ್ಕಿದ್ದರು, ಅನಂತರಾಜು ಹೆಚ್ಚೇ ನಕ್ಕಿದ್ದ.

ಕಬ್ಬಾಳಿನಲ್ಲಿ ಒಂದು ಹಸು ನೋಡುವುದಿದೆ, ನೀನು ಬಸ್ಸಿನಲ್ಲಿ ಬಾ ಎಂದು ಸೌಮ್ಯಳಿಗೆ ಹೇಳಿ ಅವನು ಒಬ್ಬನೇ ಹೊರಟ. ಹಸು ಇದ್ದದ್ದು ನಿಜ, ಕಬ್ಬಾಳಿನ ಮುನಿಶಾಮಯ್ಯನದು, ತಿಂಗಳು ತುಂಬಿದ ಗಬ್ಬ. ಆದರೆ ಅವನು ಅಲ್ಲಿ ಇಳಿಯಲಿಲ್ಲ. ಬೆಟ್ಟವನ್ನು ಎಡಕ್ಕೆ ಬಿಟ್ಟುಕೊಂಡು ನೇರ ಚನ್ನಪಟ್ಟಣಕ್ಕೆ ಹೋಗಿ, ಮನೋಹರನ ಮೊಬೈಲ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ಮನೋಹರ್ ಯಾರದೋ ಒಡೆದ ಸ್ಕ್ರೀನು ಬಿಚ್ಚುತ್ತ ಕೂತಿದ್ದವನು ಇವನನ್ನು ಕಂಡು ಒಂದು ಕ್ಷಣ ತಡೆದು ಆಮೇಲೆ ನಕ್ಕ. ಆ ತಡೆದ ಕ್ಷಣವನ್ನು ಅನಂತರಾಜು ಎತ್ತಿಟ್ಟುಕೊಂಡ. ಟೀ ಬಂತು. ಮನೋಹರ್ ಹಾಡುಗಳ ಮಾತೆತ್ತಲಿಲ್ಲ. ಸರ್ವಿಸ್ ರಸ್ತೆಯ ಗುಂಡಿಗಳ ಬಗ್ಗೆ, ಬೊಂಬೆ ಕಾರ್ಖಾನೆಯವರೊಬ್ಬರು ತಮ್ಮ ಜಾಹೀರಾತಿಗೆ ಸಂಗೀತ ಕೇಳಿದ್ದರ ಬಗ್ಗೆ ಮಾತಾಡಿದ. ನಾಳೆ ಹಾಡು ಬಿಡುವವನು ಇವತ್ತು ಅದರ ಸುದ್ದಿಯನ್ನೇ ಎತ್ತದಿರುವುದು ಹೇಗೆ? ಅನಂತರಾಜು ಅವನ ಅಂಗೈ ಕಾಣಲೆಂದು, ಬಿಸ್ಕತ್ತು ಕೊಡು ಎಂದು ಕೈ ಚಾಚಿದ. ಕೋಲು ಹಿಡಿಯದವನು ಒಂದು ಮಧ್ಯಾಹ್ನ ಬಡಿದರೆ ತೋರುಬೆರಳಿನ ಬುಡದಲ್ಲಿ ಗುಳ್ಳೆ ಏಳಬೇಕು, ಎದ್ದ ಗುಳ್ಳೆ ಒಡೆದು ಚರ್ಮ ಗಟ್ಟಿಯಾಗಿರಬೇಕು. ಮನೋಹರನ ಬೆರಳ ತುದಿಗಳು ಗಿಟಾರಿನಿಂದ ಗಟ್ಟಿಯಾಗಿದ್ದವು, ಬುಡ ಮೆತ್ತಗಿತ್ತು. ಅಷ್ಟು ದಿನಕ್ಕೆ ವಾಸಿಯಾಗಿರುತ್ತದೆ ಎಂದುಕೊಂಡ. ಅಷ್ಟರಲ್ಲಿ ಫೋನು ಬಂತು. ಮನೋಹರ್ ಹೆಸರು ನೋಡಿ, ಎದ್ದು ಹೊರಗಿನ ತಗಡಿನ ನೆರಳಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಲಾರಿಯೊಂದು ಹಾದುಹೋಗಿ ಸದ್ದು ತಗ್ಗಿದಾಗ ಎರಡು ಮಾತು ಕೇಳಿಸಿತು.

“ಇಲ್ಲೇ ಅವ್ನೆ.”

ಒಳಗೆ ಬಂದು ಕಸ್ಟಮರ್ ಎಂದ. ಅನಂತರಾಜು ತಲೆಯಾಡಿಸಿದ. ಕೇಳಿಬಿಡಬಹುದಿತ್ತು. ಕೇಳಿದರೆ ಏನಾದರೊಂದು ಉತ್ತರ ಬಂದುಬಿಡುತ್ತದೆ, ಉತ್ತರ ಬಂದರೆ ಅದನ್ನು ಇಟ್ಟುಕೊಂಡು ಬದುಕಬೇಕಾಗುತ್ತದೆ. ಅನುಮಾನವನ್ನಾದರೆ ಎತ್ತ ಬೇಕಾದರೂ ತಿರುಗಿಸಬಹುದು. ಇಬ್ಬರೂ ರಾಮನಗರಕ್ಕೆ ಹೊರಟರು, ಅವನು ಬೈಕಿನಲ್ಲಿ, ಮನೋಹರ್ ಗಿಟಾರು ಬೆನ್ನಿಗೆ ಹಾಕಿಕೊಂಡು ಸ್ಕೂಟರಿನಲ್ಲಿ. ದಾರಿಯುದ್ದಕ್ಕೂ ಅವನು ಮುಂದಿನ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದ. ಕನ್ನಡಿಯ ಮನೋಹರ್ ಚಿಕ್ಕದಾಗಿ, ನಿರಪರಾಧಿಯ ಹಾಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹಿಂದೆಯೇ ಬರುತ್ತಿದ್ದ. ಒಮ್ಮೆ ಅವನು ಬಲಗೈ ಬಿಟ್ಟು ತೊಡೆಯ ಮೇಲೆ ತಾಳ ಹಾಕಿಕೊಂಡದ್ದು ಕಂಡಿತು.

ಶೆಡ್ಡಿನೊಳಗೆ ಹೊಕ್ಕಾಗ ನಗು ನಿಂತಿತು. ಸೌಮ್ಯ ಬಸ್ಸಿನಲ್ಲಿ ಮೊದಲೇ ಬಂದು ತಲುಪಿದ್ದಳು. ಅವಳೂ ಅದ್ನಾನನೂ ಏನಕ್ಕೋ ನಗುತ್ತಿದ್ದವರು ಇವನನ್ನು ಕಂಡು ಸುಮ್ಮನಾದರು, ಅಥವಾ ನಗು ಅಲ್ಲಿಗೇ ಮುಗಿದಿತ್ತು. ಎಷ್ಟು ಸಲ ತೊಳೆದರೂ ಆ ಶೆಡ್ಡಿನ ಗೋಡೆಗಳಿಂದ ಬೇಯಿಸಿದ ರೇಷ್ಮೆಹುಳದ ವಾಸನೆ ಹೋಗಿರಲಿಲ್ಲ. ಅದು ಇವತ್ತು ಅವನಿಗೆ ಗಂಟಲಿನಲ್ಲಿ ತಗುಲಿತು. ಅದ್ನಾನ್ ಎಲ್ಲರಿಗೂ ಚಾಪೆ ತೋರಿಸಿ ಹಾಡುಗಳನ್ನು ಮೊದಲಿನಿಂದ ಹಾಕಿದ. ಅನಂತರಾಜು ಹಾಡು ಕೇಳಲಿಲ್ಲ, ಮುಖ ಕೇಳಿದ. ಯಾವ ಹಾಡಿಗೆ ಯಾರು ಯಾರನ್ನು ನೋಡುತ್ತಾರೆ ಎಂದು ಕಾದ. ‘ಸರ್ವಿಸ್ ರೋಡು’ ಎಂಬ ಹಾಡು ಶುರುವಾದಾಗ ಮನೋಹರ್ ಹಣೆ ಉಜ್ಜಿಕೊಂಡ, ಸೌಮ್ಯ ಕಾಲ ಬೆರಳು ನೋಡಿಕೊಂಡಳು. ಆಗ ಅವನಿಗೆ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಡ್ರಮ್ಮು ಹಾಡನ್ನು ಬಿಟ್ಟು ಮುಂದೆ ಓಡುತ್ತಿತ್ತು, ಹೆದರಿದವನ ಓಟ, ಹಾಡುವವನು ಹಿಂದೆ ಹಿಂದೆ ಎಳೆದಾಡಿಕೊಂಡು ಬರುತ್ತಿದ್ದ. ಇಷ್ಟು ದಿನ ಇದು ಹೇಗೆ ಕೇಳಿಸಲಿಲ್ಲ? ಅವನ ಮೈಯೆಲ್ಲ ಹಗುರವಾಯಿತು.

“ನಿಲ್ಸು,” ಎಂದ. ಅದ್ನಾನ್ ನಿಲ್ಲಿಸಿದ. “ಇದು ನಂದಲ್ಲ. ಯಾರ್ ಬಡ್ದಿದ್ದು ಇದು? ಹಗ್ಗ ಕಿತ್ಕೊಂಡ್ ದನ ಓಡ್ದಂಗೈತೆ. ತಾಳ ಅಂದ್ರೆ ಏನಂತ ಗೊತ್ತಿಲ್ದೋನ ಕೈ ಕಣ್ಲಾ ಇದು.”

ಮಾತು ಅದ್ನಾನನಿಗೆ ಹೇಳಿದರೂ ನೋಡಿದ್ದು ಮನೋಹರನನ್ನು. ಅದ್ನಾನ್ ಕಂಪ್ಯೂಟರಿನ ಮೌಸ್ ಹಿಡಿದ ಕೈಯನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡಿದ್ದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿ ಇರಲಿಲ್ಲ. ಪರೀಕ್ಷೆಯಲ್ಲಿ ಗೆಳೆಯ ತಪ್ಪು ಬರೆಯುವುದನ್ನು ಪಕ್ಕದಲ್ಲೇ ಕೂತು ನೋಡಿದವನ ಸಂಕಟವಿತ್ತು.

“ಅಣ್ಣ,” ಎಂದ ಮೆಲ್ಲಗೆ, “ಅದು ನಿಂದೇ.”

ಹೊರಗೆ ಬದ್ರುನ್ನೀಸಾ ಯಾರಿಗೋ ನೀರಿನ ಟ್ಯಾಂಕರಿನ ವಿಷಯ ಹೇಳುತ್ತಿದ್ದುದು ಕೇಳುತ್ತಿತ್ತು. ಅನಂತರಾಜು ಆ ಮಾತುಗಳನ್ನು ಒಂದೂ ಬಿಡದೆ ಕೇಳಿದ. ಆಮೇಲೆ, ಹಾಗಾದರೆ ತನ್ನದಲ್ಲದ್ದು ಯಾವುದು ಎಂದು ಕೇಳಿದ. ಬುಧವಾರದ ವಿಷಯ ತನಗೆ ಗೊತ್ತು ಎಂದ. ಮನೋಹರನೂ ಅದ್ನಾನನೂ ಒಟ್ಟಿಗೆ ಸೌಮ್ಯಳ ಕಡೆ ನೋಡಿದರು.

“ದುರ್ಗ,” ಎಂದಳು ಸೌಮ್ಯ. “ದುರ್ಗ ನಾನ್ ಬಾರ್ಸಿದ್ದು.”

ಅವನು ಮೊದಲು ನಂಬಲಿಲ್ಲ. ಆಮೇಲೆ ನಂಬಿದ, ಯಾಕೆಂದರೆ ಅವಳ ಬಲ ತೋರುಬೆರಳಿಗೆ ಮೇ ತಿಂಗಳಲ್ಲಿ ಸುತ್ತಿಕೊಂಡಿದ್ದ ಪಟ್ಟಿ ನೆನಪಾಯಿತು. ಹೆಂಚು ತಾಗಿತು ಎಂದಿದ್ದಳು. ಇವನು ಮನೋಹರನ ಕೈಯಲ್ಲಿ ಗುಳ್ಳೆ ಹುಡುಕುತ್ತ ಕೂತಿದ್ದ. ಕಲ್ಯಕ್ಕೆ ಹೋಗುತ್ತೇನೆಂದು ಹೇಳಿದ್ದು ಸುಳ್ಳು ಹಾಗಾದರೆ, ಎಂದ. ಹೌದು, ಸುಳ್ಳು, ಎಂದಳು. ಅವಳ ದನಿಯಲ್ಲಿ ಭಯವಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಹೇಳುವಾಗಿನ ಸುಸ್ತು ಇತ್ತು.

“ನಿಜ ಹೇಳಿದ್ರೆ ಬಾರ್ಸಕ್ಕೆ ಬುಡ್ತಿದ್ರಾ ನೀವು?” ಎಂದಳು.

ಮನೋಹರ್ ಆಗ ಎಲ್ಲವನ್ನೂ ಹೇಳಿದ, ನೆಲ ನೋಡಿಕೊಂಡು, ಅಲ್ಲಲ್ಲಿ ತಡವರಿಸುತ್ತ. ದುರ್ಗ ಎಷ್ಟು ಸಲ ನುಡಿಸಿದರೂ ಸರಿಹೋಗುತ್ತಿರಲಿಲ್ಲ. ಯಾರೂ ತಪ್ಪು ಮಾಡುತ್ತಿರಲಿಲ್ಲ, ಅದೇ ತೊಂದರೆ. ಎಲ್ಲರ ಕೈಗೂ ದಾರಿ ಗೊತ್ತಿತ್ತು, ಹಾಡಿನೊಳಗಿನ ಕೈದಿಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ದಿನ ವಾದ್ಯಗಳನ್ನು ಅದಲುಬದಲು ಮಾಡಿ ನೋಡಿದರು. ಮನೋಹರ್ ಬೇಸ್ ಹಿಡಿದ. ಅದ್ನಾನ್ ತನ್ನ ತಾತ ಹುಸೇನ್ ಸಾಹೇಬರ ಹಳೆಯ ಹಾರ್ಮೋನಿಯಂ ಇಳಿಸಿ ಧೂಳು ಒರೆಸಿ ಕೂತ. ಉಳಿದದ್ದು ಡ್ರಮ್ಮು. ನಾನು ಬಾರಿಸಲಾ ಎಂದು ಸೌಮ್ಯಳೇ ಕೇಳಿದ್ದು. ಅವತ್ತು ಸಂಜೆಯೇ ಅನಂತರಾಜುವಿಗೆ ಹೇಳಬೇಕೆಂದಿದ್ದರು; ಆಗಲಿಲ್ಲ. ಮಾರನೆಯ ದಿನ ಆಗಲಿಲ್ಲ. ಅವನು ಅದನ್ನು ಕೇಳಿ ತನ್ನದೆಂದು ತಿಳಿದು ಹಿಗ್ಗಿ ಊರಿಗೆಲ್ಲ ಕಳಿಸಿದ ಮೇಲೆ ಹೇಳುವ ದಾರಿಯೇ ಮುಚ್ಚಿಹೋಯಿತು. ಇವತ್ತು ಹೇಳಿಬಿಡೋಣವೆಂದೇ ಬೆಳಿಗ್ಗೆ ಸೌಮ್ಯ ಫೋನು ಮಾಡಿದ್ದಳು. ಇವನು ಅಂಗಡಿಯಲ್ಲೇ ಕೂತಿದ್ದರಿಂದ ಮಾತಾಡಲಾಗಲಿಲ್ಲ.

“ನಿನ್ನೇ ಮೊದ್ಲು ಕೇಳಿದ್ದು ಕಣ್ಲಾ,” ಎಂದ ಮನೋಹರ್ ಕೊನೆಗೆ. “ಇನ್ನೇನಾರ ನುಡ್ಸ್ತೀಯಾ ಇದಕ್ಕೆ ಅಂತ. ಜ್ಞಾಪಕ ಐತಾ?”

ಜ್ಞಾಪಕ ಬಂತು. ಏಪ್ರಿಲ್‌ನಲ್ಲಿ, ಟೀ ಅಂಗಡಿಯಲ್ಲಿ. ನೀನು ಹಾರ್ಮೋನಿಯಂ ಹಿಡಿದು ನೋಡ್ತೀಯಾ ಎಂದು ಮನೋಹರ್ ಕೇಳಿದಾಗ ಅವನು ಕೋಲುಗಳನ್ನು ಮೇಜಿಗೆ ಹೊಡೆದು, ನಿಮಗೆ ನನ್ನ ಕೈ ಸಾಲದಾದರೆ ಬೇರೆಯವನನ್ನು ಕರೆಸಿಕೊಳ್ಳಿ ಎಂದು ಎದ್ದುಹೋಗಿದ್ದ. ಅದನ್ನು ಅವನು ಮರೆತಿರಲಿಲ್ಲ, ಆದರೆ ತಾನು ಅವಮಾನಪಟ್ಟ ದಿನವೆಂದು ನೆನಪಿಟ್ಟುಕೊಂಡಿದ್ದ.

“ಬಾರ್ಸು,” ಎಂದ ಸೌಮ್ಯಳಿಗೆ. “ನೋಡಾನ.”

ಅವಳು ಹೋಗಿ ಡ್ರಮ್ಮಿನ ಹಿಂದೆ ಕೂತಳು. ಸ್ಟೂಲಿನ ತಿರುಪು ಸಡಿಲಿಸಿ ಎತ್ತರ ಸರಿಮಾಡಿಕೊಂಡಳು. ಯಾವ ಕಡೆ ತಿರುಗಿಸಬೇಕೆಂದು ಅವಳಿಗೆ ಗೊತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಕೋಲುಗಳನ್ನು ಬುಡಕ್ಕಿಂತ ಒಂದಿಷ್ಟು ಮೇಲೆ ಹಿಡಿದು ಶುರುಮಾಡಿದಳು. ಅನಂತರಾಜು ತಪ್ಪು ಹುಡುಕಿದ. ತಪ್ಪುಗಳು ಬೇಕಾದಷ್ಟಿದ್ದವು. ಎಡ ಮಣಿಕಟ್ಟು ಬಿಗಿ, ಕಾಲು ಅಳುಕುತ್ತ ಬೀಳುತ್ತಿತ್ತು, ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಅವಳ ಕೈ ಗಾಳಿಯಲ್ಲಿ ಒಂದು ಚೂರು ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಇಳಿಯಲೋ ಬೇಡವೋ ಎಂದು. ಆ ಬೇಡವೋ ಎನ್ನುವುದೇ ಹಾಡಾಗಿತ್ತು. ಅವನು ಮಾಗಿದೆ ಎಂದುಕೊಂಡದ್ದು ಅದನ್ನೇ. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ತನ್ನನ್ನೇ ಮರೆತು ಅವಳ ಕೆಳತುಟಿ ಹಾಗೆ ಸಡಿಲವಾದದ್ದನ್ನು ಅವನು ಕಂಡಿರಲಿಲ್ಲ. ಕೀಬೋರ್ಡಿನ ಹಿಂದೆ ಅವಳು ಯಾವಾಗಲೂ ಅವನ ಕೈ ನೋಡಿಕೊಂಡು, ಅವನು ನಿಲ್ಲಿಸಿದಲ್ಲಿ ನಿಲ್ಲಿಸುತ್ತಿದ್ದಳು. ಅವನಿಗೆ ಒಂದು ವಿಚಿತ್ರ ಯೋಚನೆ ಬಂತು. ಬೆಳಗಿನಿಂದ ಅವನು ಇನ್ನೊಂದು ಪಾಪಕ್ಕೆ ಸಿದ್ಧನಾಗಿ ಬಂದಿದ್ದ. ಮನೋಹರನ ಜೊತೆ ಅವಳಿಗೆ ಏನಾದರೂ ಇದ್ದಿದ್ದರೆ ತನಗೆ ಸಿಟ್ಟಾಗುವ ಹಕ್ಕಿತ್ತು, ಕೂಗಾಡಿ, ಅತ್ತು, ಕೊನೆಗೆ ಕ್ಷಮಿಸಿ ದೊಡ್ಡವನಾಗುವ ದಾರಿಯಿತ್ತು. ಇದರಲ್ಲಿ ಕ್ಷಮಿಸುವುದಕ್ಕೆ ಏನೂ ಇರಲಿಲ್ಲ. ಆ ಇನ್ನೊಂದೇ ಆಗಿದ್ದರೆ ಒಳ್ಳೆಯದಿತ್ತು ಎಂದು ತಾನು ನಿಜವಾಗಿ ಬಯಸುತ್ತಿದ್ದೇನೆ ಎಂಬುದು ತಿಳಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವಳು ಮುಗಿಸಿದ ಮೇಲೆ ಅದ್ನಾನ್, ದುರ್ಗಕ್ಕೆ ಅಣ್ಣ ಬಾರಿಸಿದ್ದ ಹಳೆಯ ರೆಕಾರ್ಡಿಂಗ್ ಹಾಗೇ ಇದೆ, ಅಳಿಸಿಲ್ಲ, ಬೇಕಾದರೆ ಈಗಲೇ ಬದಲಾಯಿಸುತ್ತೇನೆ ಎಂದ. ಹಾಕಿಯೂ ತೋರಿಸಿದ. ಅನಂತರಾಜು ತನ್ನ ದುರ್ಗವನ್ನು ಕೇಳಿದ. ಒಂದು ಏಟೂ ತಪ್ಪಿರಲಿಲ್ಲ. ಬೆಟ್ಟಕ್ಕೆ ಟಾರು ರಸ್ತೆ ಹಾಕಿಸಿ ಜೀಪಿನಲ್ಲಿ ಹತ್ತಿದ ಹಾಗಿತ್ತು. ಮೂವರೂ ಅವನ ಬಾಯಿ ಕಾಯುತ್ತಿದ್ದರು. ಅವನು ಹೂಂ ಎಂದರೆ ಬದಲಾಯಿಸುತ್ತಿದ್ದರು, ಯಾರೂ ಎದುರಾಡುತ್ತಿರಲಿಲ್ಲ, ಆಮೇಲೆ ಯಾವತ್ತೂ ಆ ಮಾತು ಎತ್ತುತ್ತಿರಲಿಲ್ಲ.

“ಇರ್ಲಿ ಬುಡು,” ಎಂದ. “ಅವ್ಳದೇ ಇರ್ಲಿ. ಹೆಸ್ರೂ ಅವ್ಳದೇ ಹಾಕು.”

ಅದ್ನಾನ್ ಎದ್ದು ಬಂದು ಅವನ ಭುಜ ಹಿಡಿದುಕೊಂಡ. ಮನೋಹರ್ ಕಣ್ಣು ಒರೆಸಿಕೊಂಡ, ಅಥವಾ ಬೆವರು ಒರೆಸಿಕೊಂಡ. ಸೌಮ್ಯ ಕೋಲುಗಳನ್ನು ಡ್ರಮ್ಮಿನ ಮೇಲೆ ಅಡ್ಡಲಾಗಿಟ್ಟು ಇಳಿದು ಬಂದಳು. ಬದ್ರುನ್ನೀಸಾ ಎಲ್ಲರಿಗೂ ಊಟಕ್ಕೆ ಹಾಕಿದರು. ಅನಂತರಾಜು ಎರಡು ಸಲ ಬಡಿಸಿಕೊಂಡು ಉಂಡ, ನಗಿಸಿದ, ‘ಸರ್ವಿಸ್ ರೋಡಿ’ನ ದನದ ಮಾತನ್ನು ತಾನೇ ಎತ್ತಿ ತನ್ನನ್ನೇ ಆಡಿಕೊಂಡ. ನಾಳೆ ಬಿಡುವುದನ್ನು ಮುಂದೆ ಹಾಕಿ, ಆ ಹಾಡಿನ ಡ್ರಮ್ಮನ್ನು ಮುಂದಿನ ಭಾನುವಾರ ಮತ್ತೆ ಬಾರಿಸುವುದೆಂದಾಯಿತು. ಆದರೆ ಇರಲಿ ಎಂದು ತಾನು ಹೇಳಿದ್ದು ಹಾಡು ಕೇಳಿಯೋ, ಮೂವರ ಮುಖ ನೋಡಿಯೋ ಎಂಬುದು ಅವನಿಗೇ ಖಚಿತವಾಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಡ ಹೆಂಡತಿ ಬೈಕಿನಲ್ಲಿ ಊರಿಗೆ ಹೊರಟರು. ಸೌಮ್ಯ ಅವನ ಭುಜದ ಮೇಲೆ ಕೈಯಿಟ್ಟುಕೊಂಡಿದ್ದಳು. ಅಮ್ಮ ಫೋನು ಮಾಡಿದ್ದರು ಎಂದಷ್ಟೇ ಹೇಳಿದಳು. ಕಬ್ಬಾಳು ಬಂದಾಗ ಬೆಳಗಿನ ಸುಳ್ಳು ಈಗ ಕೆಲಸವಾಗಿ ಕಾದಿತ್ತು. ಮುನಿಶಾಮಯ್ಯ ರಸ್ತೆಗೇ ಬಂದು ಕೈ ಅಡ್ಡ ಹಾಕಿದರು, ಹಸು ಬೆಳಿಗ್ಗೆಯಿಂದ ಮಲಗಿ ಎದ್ದು ಮಾಡುತ್ತಿದೆ ಎಂದರು. ಕೊಟ್ಟಿಗೆಯಲ್ಲಿ ಅವನು ಭುಜದವರೆಗಿನ ಕೈಗವಸು ಹಾಕಿಕೊಂಡು ಹಸುವಿನೊಳಗೆ ಕೈ ತೂರಿಸಿದ. ಕರು ಸರಿಯಾಗಿಯೇ ತಿರುಗಿತ್ತು. ಬಿಸಿಯಾದ ಕತ್ತಲೆಯಲ್ಲಿ ಅದರ ಗೊರಸು ಬೆರಳಿಗೆ ತಗುಲಿ ಹಿಂದಕ್ಕೆ ಸರಿಯಿತು. ಇನ್ನೆರಡು ದಿನ ಇದೆ, ಹೆದರಬೇಡಿ ಎಂದ. ಸೌಮ್ಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಮುನಿಶಾಮಯ್ಯನಿಗೆ ಸಮಾಧಾನವಾಗಿ ಮಾತು ಬಂತು. ಗ್ರೂಪಿನಲ್ಲಿ ಕಳಿಸಿದ್ದ ಹಾಡನ್ನು ಮಗಳು ದಿನಾ ಹಾಕುತ್ತಾಳೆ ಎಂದರು.

“ಅದೇನ್ ಹೊಡ್ತ ಸಾ ನಿಮ್ದು. ನಮ್ ಬೆಟ್ಟ ಹತ್ದಂಗೇ ಆಯ್ತದೆ. ಎದೆ ಹಿಡ್ಕತದೆ.”

ಹಸುವಿನ ಬೆನ್ನಿನ ಮೇಲೆ ಕೆನ್ನೆ ಒತ್ತಿಕೊಂಡಿದ್ದ ಅನಂತರಾಜುವಿಗೆ ಬಾಗಿಲು ಕಾಣುತ್ತಿತ್ತು. “ನಾನ್ ಬಾರ್ಸಿದ್ದಲ್ಲ ಅದು,” ಎಂದ. “ಇವ್ಳು ಬಾರ್ಸಿದ್ದು.”

ಮುನಿಶಾಮಯ್ಯ ಸೌಮ್ಯಳನ್ನು ನೋಡಿದರು, ಇವನನ್ನು ನೋಡಿದರು, ಆಮೇಲೆ ಬಾಯ್ತುಂಬ ನಕ್ಕರು. “ಹೆಂಡ್ರು ಪಕ್ಕದಲ್ಲಿದ್ರೆ ಹಂಗೇ ಅನ್ಬೇಕು ಬುಡಿ ಸಾ,” ಎಂದು ಬಕೆಟ್ಟಿನ ನೀರು ತರಲು ಒಳಗೆ ಹೋದರು.

ಇನ್ನೊಂದು ಸಲ ಹೇಳಬಹುದಿತ್ತು. ನೀರು ತಂದ ಮೇಲೆ, ಕೈ ತೊಳೆಯುತ್ತ, ತಮಾಷೆಯಲ್ಲ, ನಿಜ ಎಂದು ಹೇಳಬಹುದಿತ್ತು. ಅವನು ಹ್ಞೂಂ ಎಂದು ಸಣ್ಣಗೆ ನಕ್ಕ. ತಾನು ಹೇಳಿಯಾಗಿದೆ, ಅವರು ನಂಬಲಿಲ್ಲ, ಇನ್ನು ತನ್ನ ತಪ್ಪಲ್ಲ. ಬೆಳಗಿನಿಂದ ಬಿಗಿದುಕೊಂಡಿದ್ದ ಎದೆ ಒಮ್ಮೆಗೇ ಸಡಿಲಾಯಿತು, ಹಬೆಯ ಹಾಗೆ ಒಂದು ಸುಖ ಮುಖದವರೆಗೂ ಏರಿತು, ಅದನ್ನು ತಡೆದುಕೊಳ್ಳುವುದಕ್ಕೆ ಮೊದಲೇ ಅವನ ಕಣ್ಣು ಬಾಗಿಲ ಕಡೆ ಹೋಯಿತು. ಸೌಮ್ಯ ಮುನಿಶಾಮಯ್ಯ ಹೋದ ದಿಕ್ಕನ್ನು ನೋಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಚೌಕಟ್ಟು ಬಿಟ್ಟು ಬೈಕಿನ ಹತ್ತಿರ ಹೋಗಿ ನಿಂತಳು. ಅವಳಿಗೆ ಸಿಟ್ಟು ಬಂದಿದೆಯೋ, ನಗು ಬಂದಿದೆಯೋ, ಇದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೋ, ಒಂದೂ ಅವನಿಗೆ ತಿಳಿಯಲಿಲ್ಲ. ತನ್ನ ಮುಖದ ಆ ಸುಖವನ್ನು ಅವಳು ಕಂಡಿದ್ದಾಳೆ ಎಂಬ ಒಂದರ ಬಗ್ಗೆ ಮಾತ್ರ ಅವನಿಗೆ ಯಾವ ಅನುಮಾನವೂ ಇರಲಿಲ್ಲ.